ಪ್ರಿಆಂಪ್‌ನ ಪೆಟ್ಟಿಗೆಯೂ ಸರ್ಕ್ಯೂಟಿನ ಭಾಗವೇ

ಕಳೆದ ತಿಂಗಳು ತರುಣ ಎಂಜಿನಿಯರೊಬ್ಬರು ತಾವೇ ಕಟ್ಟಿದ ಫೋನೋ ಪ್ರಿಆಂಪ್ಲಿಫೈಯರ್ (ರೆಕಾರ್ಡ್ ಪ್ಲೇಯರಿನ ಕ್ಷೀಣ ಸಿಗ್ನಲನ್ನು ಆಂಪ್ಲಿಫೈಯರಿಗೆ ಕೊಡುವ ಮುನ್ನ ಹಿಗ್ಗಿಸುವ ಸಾಧನ) ಒಂದನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ನನ್ನ ವರ್ಕ್‌ಶಾಪಿಗೆ ಬಂದಿದ್ದರು. ಕಪ್ಪು ಅನೊಡೈಸ್ ಮಾಡಿಸಿದ ಅಲ್ಯೂಮಿನಿಯಂ ಪೆಟ್ಟಿಗೆ, ಎರಡೂ ಬದಿಗೆ ಬೀಟೆ ಮರದ ಪಟ್ಟಿ, ಮುಂದೆ ಒಂದೇ ಒಂದು ನಾಬ್. ನೋಡಲು ಅಂಗಡಿಯ ಮಾಲನ್ನೂ ಮೀರಿಸುವಂತಿತ್ತು. ಆದರೆ ಆಂಪ್ಲಿಫೈಯರಿಗೆ ಜೋಡಿಸಿದ ಕೂಡಲೇ, ರೆಕಾರ್ಡ್ ತಿರುಗುವ ಮೊದಲೇ, ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಶುರುವಾಯಿತು. “ಸಾರ್, ಐಸಿ ಚಿಪ್ ಎರಡು ಸಲ ಬದಲಾಯಿಸಿದೆ. ಮೊದಲನೇದು ಡೂಪ್ಲಿಕೇಟ್ ಇರಬೇಕು ಅಂತ ಬೇರೆ ಕಡೆಯಿಂದ ತರಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ,” ಎಂದರು. ನಾನು ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟೆ. ಸದ್ದು ಇನ್ನಷ್ಟು ಏರಿತು. ಕೈ ತೆಗೆದರೆ ಇಳಿಯಿತು. ಐಸಿಯಲ್ಲಿ ದೋಷವಿದ್ದರೆ ಮುಚ್ಚಳ ಮುಟ್ಟಿದ್ದು ಅದಕ್ಕೆ ಗೊತ್ತಾಗಬೇಕಾದ ಕಾರಣವೇ ಇಲ್ಲ.

ಮನೆಯಲ್ಲಿ ಪ್ರಿಆಂಪ್ ಕಟ್ಟುವವರಲ್ಲಿ ಬಹುಪಾಲು ಜನ ಸರ್ಕ್ಯೂಟನ್ನು ಮೊದಲು ಮುಗಿಸಿ, ಆಮೇಲೆ ಅದು ಹಿಡಿಸುವಂಥ ಪೆಟ್ಟಿಗೆಯನ್ನು ಹುಡುಕುತ್ತಾರೆ. ಪವರ್ ಆಂಪ್ಲಿಫೈಯರಿನಲ್ಲಿ ಇದು ಹೇಗೋ ನಡೆದೀತು. ಫೋನೋ ಪ್ರಿಆಂಪ್‌ನಲ್ಲಿ ನಡೆಯುವುದಿಲ್ಲ. ಯಾಕೆಂದರೆ ಇಲ್ಲಿ ತಗಡು, ಸ್ಕ್ರೂ, ಬಣ್ಣ, ಟ್ರಾನ್ಸ್‌ಫಾರ್ಮರ್ ಕೂರುವ ಕೋನ, ಇವೆಲ್ಲವೂ ಸರ್ಕ್ಯೂಟಿನ ಕೆಲಸದಲ್ಲಿ ಪಾಲು ಪಡೆಯುತ್ತವೆ. ಸ್ಕೀಮ್ಯಾಟಿಕ್ ನಕ್ಷೆಯಲ್ಲಿ ಅವು ಕಾಣುವುದಿಲ್ಲ, ಅಷ್ಟೇ.

ಇದರ ಕಾರಣ ಲೆಕ್ಕದಲ್ಲಿದೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನ ಸೂಜಿ ಎಲ್‌ಪಿ ರೆಕಾರ್ಡಿನ ಗೆರೆಯಲ್ಲಿ ಓಡುವಾಗ ಹುಟ್ಟುವ ವೋಲ್ಟೇಜ್ ಸುಮಾರು 5 ಮಿಲಿವೋಲ್ಟ್. ಅದನ್ನು ಸುಮಾರು ಅರ್ಧ ವೋಲ್ಟಿಗೆ ಏರಿಸಬೇಕು, ಎಂದರೆ 1000 ಹರ್ಟ್ಸ್‌ನಲ್ಲಿ ನೂರು ಪಟ್ಟು. ಆದರೆ ಎಲ್ಲ ಸ್ವರಗಳನ್ನೂ ಒಂದೇ ಸಮನಾಗಿ ಏರಿಸುವಂತಿಲ್ಲ. ರೆಕಾರ್ಡ್ ಕೊರೆಯುವಾಗ ಮಂದ್ರದ ಸ್ವರಗಳನ್ನು ಇದ್ದಷ್ಟೇ ಬಲದಲ್ಲಿ ಕೊರೆದರೆ ಗೆರೆ ಅತಿಯಾಗಿ ಓಲಾಡಿ ಪಕ್ಕದ ಗೆರೆಗೆ ತಗಲುತ್ತದೆ ಎಂದು ಅವುಗಳನ್ನು ತಗ್ಗಿಸುತ್ತಾರೆ. ತಾರದ ಸ್ವರಗಳು ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗದಿರಲೆಂದು ಅವನ್ನು ಏರಿಸುತ್ತಾರೆ. ಪ್ರಿಆಂಪ್ ಇದರ ನೇರ ವಿರುದ್ಧ ಕೆಲಸ ಮಾಡಿ ಸಮತೋಲ ತರಬೇಕು. 1954ರಲ್ಲಿ ನೆಲೆಗೊಂಡ ಆರ್‌ಐಎಎ (ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ) ಮಾನಕ ಇದಕ್ಕೆ 3180, 318 ಮತ್ತು 75 ಮೈಕ್ರೊಸೆಕೆಂಡ್ ಎಂಬ ಮೂರು ಕಾಲಸ್ಥಿರಾಂಕಗಳನ್ನು, ಎಂದರೆ ಯಾವ ಸ್ವರವನ್ನು ಎಷ್ಟು ಏರಿಸಬೇಕೆಂದು ನಿರ್ಧರಿಸುವ ಅಂಕಿಗಳನ್ನು, ಗೊತ್ತುಮಾಡಿದೆ. ಅದರ ಪರಿಣಾಮವಾಗಿ 50 ಹರ್ಟ್ಸ್‌ನಲ್ಲಿ ಪ್ರಿಆಂಪ್ ಸುಮಾರು 17 ಡೆಸಿಬೆಲ್ ಹೆಚ್ಚು, ಎಂದರೆ ಏಳು ಪಟ್ಟು ಹೆಚ್ಚು ಹಿಗ್ಗಿಸುತ್ತದೆ. ನಮ್ಮ ಮನೆಯ ಗೋಡೆಯಲ್ಲಿ ಹರಿಯುವ ವಿದ್ಯುತ್ತಿನ ಆವರ್ತನವೂ ಅದೇ 50 ಹರ್ಟ್ಸ್. ಹೀಗಾಗಿ ಎಲ್ಲಿಂದಲೋ ನುಸುಳಿದ 10 ಮೈಕ್ರೊವೋಲ್ಟ್ ಹಮ್ (ಆ ಗುಂಯ್ ಸದ್ದು) ಹೊರಬರುವಾಗ ಸುಮಾರು 7 ಮಿಲಿವೋಲ್ಟ್ ಆಗಿರುತ್ತದೆ. ಹಾಡಿನ ನಡುವಿನ ಮೌನದಲ್ಲಿ ಅದು ಚೆನ್ನಾಗಿಯೇ ಕೇಳುತ್ತದೆ.

ಸರ್ಕ್ಯೂಟಿನ ವಿಷಯದಲ್ಲಿ ನಾನು ಹಳೆಯ ದಾರಿಯವನು. ಎನ್‌ಇ 5532 ಎಂಬ ಎಂಟು ಕಾಲಿನ ಡ್ಯುಯಲ್ ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಎರಡು ಘಟಕಗಳ ಚಿಪ್) ಒಂದಿದ್ದರೆ ಎಡ, ಬಲ ಎರಡೂ ಚಾನೆಲ್ ಮುಗಿಯುತ್ತವೆ. ಅದರ ಹತ್ತಾರು ಪಟ್ಟು ಬೆಲೆಯ ಚಿಪ್‌ಗಳನ್ನು ಹಾಕಿ ಕೇಳಿದ್ದೇನೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಅಷ್ಟು ಖರ್ಚು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಇನ್‌ಪುಟ್‌ನಲ್ಲಿ 47 ಕಿಲೋಓಮ್ ರೆಸಿಸ್ಟರ್. ಫೀಡ್‌ಬ್ಯಾಕ್ ದಾರಿಯಲ್ಲಿ 88.3 ಕಿಲೋಓಮ್‌ಗೆ ಸಮಾಂತರವಾಗಿ 36 ನ್ಯಾನೊಫ್ಯಾರಡ್, ಅದರ ಸರಣಿಯಲ್ಲಿ 7.5 ಕಿಲೋಓಮ್‌ಗೆ ಸಮಾಂತರವಾಗಿ 10 ನ್ಯಾನೊಫ್ಯಾರಡ್, ಕೆಳಗೆ ಗ್ರೌಂಡಿನ ಕಡೆಗೆ 100 ಓಮ್ ಮತ್ತು ಡಿಸಿ ತಡೆಯಲು 470 ಮೈಕ್ರೊಫ್ಯಾರಡ್. ಈ ಮೌಲ್ಯಗಳಿಂದ ಮೂರೂ ಕಾಲಸ್ಥಿರಾಂಕಗಳು ಸರಿಯಾಗಿ ಕೂರುತ್ತವೆ. 88.3 ಕಿಲೋಓಮ್ ಅಂಗಡಿಯಲ್ಲಿ ಸಿಗುವುದಿಲ್ಲ. 82 ಮತ್ತು 6.2 ಕಿಲೋಓಮ್‌ಗಳನ್ನು ಸರಣಿಯಲ್ಲಿ ಹಾಕಿ. 36 ನ್ಯಾನೊಫ್ಯಾರಡ್‌ಗೆ 33 ಮತ್ತು 3.3 ಅನ್ನು ಸಮಾಂತರವಾಗಿ ಹಾಕಿದರೆ ಶೇಕಡಾ ಒಂದರೊಳಗೆ ಬರುತ್ತದೆ.

ಬರಬೇಕಾದರೆ ಕೆಪಾಸಿಟರಿನ ಮೇಲೆ ಬರೆದದ್ದು ನಿಜವಾಗಿರಬೇಕಲ್ಲ! ರೆಸಿಸ್ಟರ್‌ಗಳು ಶೇಕಡಾ ಒಂದರ ಮೆಟಲ್ ಫಿಲ್ಮ್ ಆಗಿ ಸುಲಭವಾಗಿ ಸಿಗುತ್ತವೆ. ಫಿಲ್ಮ್ ಕೆಪಾಸಿಟರ್‌ಗಳು ಸಾಮಾನ್ಯವಾಗಿ ಶೇಕಡಾ ಐದು ಅಥವಾ ಹತ್ತರ ಆಚೀಚೆ ಇರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಮೌಲ್ಯದ ಪಾಲಿಪ್ರೊಪಿಲೀನ್ ಕೆಪಾಸಿಟರ್‌ಗಳನ್ನು ಇಪ್ಪತ್ತು ಕೊಂಡು, ಕೆಪಾಸಿಟರಿನ ನಿಜವಾದ ಮೌಲ್ಯ ತೋರಿಸುವ ಎಲ್‌ಸಿಆರ್ ಮೀಟರಿನಲ್ಲಿ ಒಂದೊಂದನ್ನೂ ಅಳೆದು, ಎಡಕ್ಕೂ ಬಲಕ್ಕೂ ಹೊಂದುವ ಜೋಡಿಯನ್ನು ಆರಿಸಿಕೊಳ್ಳುವುದು ನನ್ನ ಪದ್ಧತಿ. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟೇ ತಾಳ್ಮೆಯ ಕೆಲಸ ಅದು, ಆದರೆ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಉಳಿದವು ಮುಂದಿನ ಕೆಲಸಕ್ಕೆ ಒದಗುತ್ತವೆ.

ಪವರ್ ಸಪ್ಲೈ ಬಗ್ಗೆ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಪ್ಲಸ್ 15 ಮತ್ತು ಮೈನಸ್ 15 ವೋಲ್ಟ್ ಬೇಕೆಂದು 15-0-15 ಟ್ರಾನ್ಸ್‌ಫಾರ್ಮರ್ ತರಬೇಡಿ. ಪ್ಲಸ್ 15 ವೋಲ್ಟನ್ನು ಸ್ಥಿರವಾಗಿಡುವ 7815 ರೆಗ್ಯುಲೇಟರಿಗೆ ಒಳಬರುವ ಕಡೆ ಕನಿಷ್ಠ 17 ವೋಲ್ಟ್‌ನಷ್ಟು ಇರಬೇಕು. ಬೇಸಿಗೆಯ ಸಂಜೆ ಲೈನ್ 190 ವೋಲ್ಟಿಗೆ ಕುಸಿದರೆ 15 ವೋಲ್ಟ್ ಸೆಕೆಂಡರಿಯಲ್ಲಿ (ಟ್ರಾನ್ಸ್‌ಫಾರ್ಮರಿನ ಹೊರಬರುವ ಸುರುಳಿಯಲ್ಲಿ) 12.4 ವೋಲ್ಟ್ ಮಾತ್ರ ಉಳಿದು, ಡಯೋಡ್ ದಾಟಿದ ಮೇಲೆ 17 ವೋಲ್ಟೂ ತಲುಪದೆ ರೆಗ್ಯುಲೇಟರ್ ಕೈಚೆಲ್ಲುತ್ತದೆ, 100 ಹರ್ಟ್ಸ್ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ನೇರವಾಗಿ ಸರ್ಕ್ಯೂಟಿಗೆ ನುಗ್ಗುತ್ತದೆ. 18-0-18 ತಂದರೆ ಈ ಚಿಂತೆಯಿಲ್ಲ. ಫಿಲ್ಟರ್ ಕೆಪಾಸಿಟರ್‌ಗಳು ಮಾತ್ರ 50 ವೋಲ್ಟಿನವು ಇರಲಿ. ಎರಡನೆಯದು, 7815 ಮತ್ತು ಮೈನಸ್ 15 ವೋಲ್ಟಿನ 7915 ನೋಡಲು ಅವಳಿಗಳಂತಿದ್ದರೂ ಕಾಲುಗಳ ಕ್ರಮ ಬೇರೆ. 7815ರ ಬೆನ್ನಿನ ಲೋಹದ ತಗಡು ಗ್ರೌಂಡ್; 7915ರಲ್ಲಿ ಅದೇ ತಗಡು ರೆಗ್ಯುಲೇಟ್ ಆಗದ ಮೈನಸ್ ವೋಲ್ಟೇಜಿಗೆ ಸೇರಿರುತ್ತದೆ. ಎರಡನ್ನೂ ಪೆಟ್ಟಿಗೆಯ ಗೋಡೆಗೆ ಮೈಕಾ ಹಾಳೆಯ ಇನ್ಸುಲೇಷನ್ ಇಲ್ಲದೆ ಬಿಗಿದರೆ ಶಾರ್ಟ್ ಆಗುವುದು ಖಚಿತ. ಇಷ್ಟಕ್ಕೂ ಈ ಸರ್ಕ್ಯೂಟ್ ಎಳೆಯುವುದು ಹತ್ತಿಪ್ಪತ್ತು ಮಿಲಿಆಂಪ್ ಮಾತ್ರ, ಬಿಸಿ ಕಾಲು ವ್ಯಾಟ್ ಆಸುಪಾಸು. ಗೋಡೆಗೆ ಬಿಗಿಯುವ ಅಗತ್ಯವೇ ಇಲ್ಲ.

ಈಗ ಪೆಟ್ಟಿಗೆಗೆ ಬರೋಣ. ಅಲ್ಯೂಮಿನಿಯಂ ಪೆಟ್ಟಿಗೆ ಎಲ್ಲ ಬಗೆಯ ಹಮ್ಮನ್ನೂ ತಡೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಗೋಡೆಯ ವೈರಿಂಗ್, ಟ್ಯೂಬ್‌ಲೈಟ್ ಇತ್ಯಾದಿಗಳಿಂದ ಬರುವ ವಿದ್ಯುತ್ ಕ್ಷೇತ್ರವನ್ನು ತೆಳ್ಳನೆಯ ತಗಡೂ ತಡೆಯುತ್ತದೆ, ಆ ತಗಡಿನ ಎಲ್ಲ ಭಾಗಗಳೂ ಅರ್ಥ್‌ಗೆ ಸೇರಿದ್ದರೆ. ಆದರೆ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದ ಮುಂದೆ ಅಲ್ಯೂಮಿನಿಯಂ ಇದ್ದೂ ಇಲ್ಲದಂತೆ. 50 ಹರ್ಟ್ಸ್‌ನಲ್ಲಿ ಅಲ್ಯೂಮಿನಿಯಮ್ಮಿನ ಸ್ಕಿನ್ ಡೆಪ್ತ್, ಎಂದರೆ ಕ್ಷೇತ್ರ ಸುಮಾರು ಮೂರನೇ ಒಂದು ಪಾಲಿಗೆ ಇಳಿಯಲು ಬೇಕಾದ ದಪ್ಪ, ಸುಮಾರು 12 ಮಿಲಿಮೀಟರ್. ನಮ್ಮ ತಗಡು 2 ಮಿಲಿಮೀಟರ್. ಕಾಂತಕ್ಷೇತ್ರಕ್ಕೆ ಮದ್ದು ಮೂರೇ: ಬಳೆಯಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್, ಉಕ್ಕಿನ ಅಡ್ಡಗೋಡೆ, ಎಲ್ಲಕ್ಕಿಂತ ಮಿಗಿಲಾಗಿ ದೂರ. ಸ್ಥೂಲವಾಗಿ ಹೇಳುವುದಾದರೆ ದೂರ ಇಮ್ಮಡಿಯಾದರೆ ಕ್ಷೇತ್ರ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ನನ್ನ ಮನಸ್ಸು ಯಾವಾಗಲೂ ಟ್ರಾನ್ಸ್‌ಫಾರ್ಮರನ್ನು ಬೇರೆಯೇ ಡಬ್ಬದಲ್ಲಿಟ್ಟು ಒಂದು ಮೀಟರ್ ಕೇಬಲ್‌ನಲ್ಲಿ ಡಿಸಿ ತರುವ ಕಡೆಗೇ ವಾಲುತ್ತದೆ. ಆದರೆ ಷೆಲ್ಫಿನಲ್ಲಿ ಎರಡು ಡಬ್ಬ ಇಡಲು ಮನೆಯವರು ಒಪ್ಪುವುದಿಲ್ಲ ಎನ್ನುವವರೇ ಹೆಚ್ಚು.

ಒಂದೇ ಪೆಟ್ಟಿಗೆಯಾದರೆ ತಗಡಿಗೆ ಕೈ ಹಾಕುವ ಮೊದಲು ರಟ್ಟಿನಲ್ಲಿ ಅದೇ ಅಳತೆಯ ಮಾದರಿ ಮಾಡಿ. ನಾನು ಮಿಠಾಯಿ ಅಂಗಡಿಯ ರಟ್ಟಿನ ಡಬ್ಬಗಳನ್ನು ಇದಕ್ಕೆಂದೇ ಎತ್ತಿಡುತ್ತೇನೆ. ಇನ್‌ಪುಟ್ ಸಾಕೆಟ್‌ಗಳು ಹಿಂಭಾಗದ ಒಂದು ತುದಿಗೆ, ಮೇನ್ಸ್ ಸಾಕೆಟ್ ಮತ್ತು ಟ್ರಾನ್ಸ್‌ಫಾರ್ಮರ್ ಇನ್ನೊಂದು ತುದಿಗೆ, ಬೋರ್ಡ್ ಸಾಕೆಟ್‌ಗಳಿಗೆ ಅಂಟಿಕೊಂಡಂತೆ. ವಾಲ್ಯೂಮ್ ಪೊಟೆನ್ಷಿಯೋಮೀಟರ್ ಮುಂದಿನ ಪ್ಯಾನೆಲಿನಲ್ಲಿರಬೇಕೆಂದು ಸಿಗ್ನಲ್ ವೈರನ್ನು ಪೆಟ್ಟಿಗೆಯ ಉದ್ದಕ್ಕೂ ಎಳೆದು ತರಬೇಡಿ. ಪೊಟೆನ್ಷಿಯೋಮೀಟರನ್ನು ಬೋರ್ಡಿನ ಪಕ್ಕದಲ್ಲೇ ಇಟ್ಟು, 6 ಮಿಲಿಮೀಟರ್ ಸರಳಿನಿಂದ ಅದರ ದಂಡವನ್ನು ಮುಂದಕ್ಕೆ ಉದ್ದ ಮಾಡಿಕೊಳ್ಳಿ. ಟೊರಾಯ್ಡನ್ನು ಸದ್ಯಕ್ಕೆ ಬಿಗಿಯಬೇಡಿ. ಸೆಕೆಂಡರಿ ವೈರುಗಳನ್ನು ಒಂದಿಷ್ಟು ಉದ್ದ ಬಿಟ್ಟು, ಎಲ್ಲ ಜೋಡಣೆ ಮುಗಿದ ಮೇಲೆ ಟ್ರಾನ್ಸ್‌ಫಾರ್ಮರನ್ನು ಇದ್ದಲ್ಲೇ ನಿಧಾನವಾಗಿ ತಿರುಗಿಸಿ; ಒಂದು ಕೋನದಲ್ಲಿ ಹಮ್ ತಟ್ಟನೆ ಇಳಿಯುತ್ತದೆ. ಅಲ್ಲಿ ಗುರುತು ಹಾಕಿ ಬಿಗಿಯಿರಿ. ಪ್ರತಿ ಸಲ ತಿರುಗಿಸುವ ಮುನ್ನ ಪ್ಲಗ್ ಕಿತ್ತಿಡಬೇಕೆಂದು ಬೇರೆ ಹೇಳಬೇಕಿಲ್ಲ.

ಟೊರಾಯ್ಡ್ ಬಿಗಿಯುವ ನಡುವಿನ ಬೋಲ್ಟಿನ ಬಗ್ಗೆ ನನ್ನದೇ ಪೆದ್ದುತನವೊಂದನ್ನು ಹೇಳಲೇಬೇಕು. ಬಹಳ ಹಿಂದೆ ಪೆಟ್ಟಿಗೆ ತೆಳ್ಳಗೆ ಕಾಣಲೆಂದು 50 ಮಿಲಿಮೀಟರ್ ಎತ್ತರವನ್ನಷ್ಟೇ ಇಟ್ಟಿದ್ದೆ. ಮುಚ್ಚಳ ತೆರೆದು ಪರೀಕ್ಷಿಸಿದಾಗ ಎಲ್ಲ ಸರಿಯಿತ್ತು. ಮುಚ್ಚಳ ಹಾಕಿ ಕೊನೆಯ ಸ್ಕ್ರೂ ಬಿಗಿದು ಸ್ವಿಚ್ ಒತ್ತಿದರೆ ಫ್ಯೂಸ್ ಹೋಯಿತು. ಹೊಸ ಫ್ಯೂಸ್ ಹಾಕಲು ಮುಚ್ಚಳ ತೆಗೆದೆ, ಕೆಲಸ ಮಾಡಿತು. ಮುಚ್ಚಿದೆ, ಮತ್ತೆ ಹೋಯಿತು. ಬೋಲ್ಟಿನ ತುದಿ ಮುಚ್ಚಳಕ್ಕೆ ತಗಲುತ್ತಿತ್ತು. ಬೋಲ್ಟ್, ಮುಚ್ಚಳ, ಬದಿಯ ಗೋಡೆ, ತಳ ಎಲ್ಲ ಸೇರಿ ಟ್ರಾನ್ಸ್‌ಫಾರ್ಮರಿನ ಸುತ್ತ ಒಂದು ಸುತ್ತಿನ ಸೆಕೆಂಡರಿಯಾಗಿ, ಅದು ಪೂರ್ತಿ ಶಾರ್ಟ್ ಆಗಿತ್ತು. ಅಂದಿನಿಂದ ಬೋಲ್ಟಿಗೂ ಮುಚ್ಚಳಕ್ಕೂ ನಡುವೆ ಕನಿಷ್ಠ 10 ಮಿಲಿಮೀಟರ್ ಬಿಡುತ್ತೇನೆ.

ಗ್ರೌಂಡಿನ ನಿಯಮ ಚಿಕ್ಕದು, ಪಾಲಿಸುವುದು ಕಷ್ಟ. ಮೇನ್ಸ್‌ನ ಹಸಿರು ಅರ್ಥ್ ವೈರ್ ಪೆಟ್ಟಿಗೆಗೆ ನೇರವಾಗಿ, ಅದಕ್ಕೆಂದೇ ಇರುವ ಬೋಲ್ಟಿಗೆ ಬಿಗಿಯಬೇಕು. ಹಮ್ ಕಡಿಮೆಯಾಗುತ್ತದೆಂದು ಎರಡು ಪಿನ್ ಪ್ಲಗ್ ಹಾಕಿ ಅರ್ಥ್ ತಪ್ಪಿಸುವವರನ್ನು ಕಂಡಿದ್ದೇನೆ; ಒಳಗೆ ಒಂದು ವೈರ್ ಕಳಚಿದರೆ ನಾಬ್ ಹಿಡಿದವರ ಜೀವ ಹೋಗಬಹುದು. ಸಿಗ್ನಲ್ ಗ್ರೌಂಡ್ ಪೆಟ್ಟಿಗೆಗೆ ಒಂದೇ ಒಂದು ಜಾಗದಲ್ಲಿ, ಇನ್‌ಪುಟ್ ಸಾಕೆಟ್‌ಗಳ ಬಳಿ, ಸೇರಬೇಕು. ಆದ್ದರಿಂದ ಆರ್‌ಸಿಎ ಸಾಕೆಟ್‌ಗಳನ್ನು ನೈಲಾನ್ ವಾಷರ್ ಹಾಕಿಯೇ ಕೂರಿಸಿ. ಆಂಪ್ಲಿಫೈಯರಿನ ಜೊತೆ ಗ್ರೌಂಡ್ ಲೂಪ್ (ಎರಡು ಅರ್ಥ್ ದಾರಿಗಳು ಸೇರಿ ಹಮ್ ತರುವ ಸುತ್ತು) ಆಗುವ ಸಂಭವವಿದ್ದರೆ ಆ ಒಂದು ಕೂಡಿಕೆಯ ದಾರಿಯಲ್ಲಿ 10 ಓಮ್ ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ ವಿರುದ್ಧ ದಿಕ್ಕಿನ ಎರಡು ದಪ್ಪ ಡಯೋಡ್ ಮತ್ತು 100 ನ್ಯಾನೊಫ್ಯಾರಡ್ ಹಾಕಬಹುದು. ಟರ್ನ್‌ಟೇಬಲಿನಿಂದ ಬರುವ ತೆಳು ಅರ್ಥ್ ವೈರಿಗೆ ಹಿಂಭಾಗದಲ್ಲಿ ಒಂದು ತಿರುಪು ಕಂಬವೂ ಇರಲಿ.

ತಗಡಿನ ಕೆಲಸವನ್ನು ಕೈಯಲ್ಲಿ ಅರ ಹಿಡಿದೂ ಮಾಡಬಹುದು, ಪೀಣ್ಯದಂಥ ಕಡೆ ಲೇಸರ್ ಕಟಿಂಗ್‌ಗೆ ಕೊಟ್ಟೂ ಮಾಡಿಸಬಹುದು. ಕೊಡುವಾಗ ಮಡಿಸುವ ಭಾಗಕ್ಕೆ 5052 ದರ್ಜೆಯ ತಗಡು ಕೇಳಿ; 6061 ಟಿ6 ಗಟ್ಟಿಯೆಂದು ತಂದರೆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಅದರ ದಪ್ಪವನ್ನೂ ಲೆಕ್ಕಕ್ಕೆ ತನ್ನಿ: ಒಂದು ಪಕ್ಕಕ್ಕೆ 60ರಿಂದ 80 ಮೈಕ್ರಾನ್ ಎಂದರೂ ತೂತಿನ ವ್ಯಾಸ 0.15 ಮಿಲಿಮೀಟರಿನಷ್ಟು ಕಿರಿದಾಗಿ, ಬಿಗಿಯಾಗಿ ಕೂರುತ್ತಿದ್ದ ಮೇನ್ಸ್ ಸಾಕೆಟ್ ಒಳಗೇ ಹೋಗುವುದಿಲ್ಲ. ಮರದ ಪಟ್ಟಿಗೆ ತೇಗವೋ ಬೀಟೆಯೋ ನಿಮ್ಮ ಇಷ್ಟ; ಮರ ಚೆನ್ನಾಗಿ ಒಣಗಿರಲಿ, ಇಲ್ಲದಿದ್ದರೆ ಮೊದಲ ಬೇಸಿಗೆಯಲ್ಲೇ ಸ್ಕ್ರೂವಿನ ಸುತ್ತ ಸೀಳುತ್ತದೆ.

ಅನೊಡೈಸ್ ಪದರದ ಗುಣ ಬೇರೆ. ಅದು ಬಣ್ಣವಲ್ಲ, ಅಲ್ಯೂಮಿನಿಯಮ್ಮಿನ ಆಕ್ಸೈಡ್, ಉತ್ತಮ ಇನ್ಸುಲೇಟರ್. ನನ್ನಲ್ಲಿಗೆ ಬಂದ ತರುಣರ ಪೆಟ್ಟಿಗೆಯಲ್ಲಿ ಆದದ್ದು ಇದೇ. ಆರು ತಗಡುಗಳು ಚೊಕ್ಕವಾಗಿ ಕೂಡಿದ್ದವು, ಆದರೆ ಮಲ್ಟಿಮೀಟರಿನ ಒಂದು ಮೊನೆಯನ್ನು ಅರ್ಥ್ ಪಿನ್ನಿಗೂ ಇನ್ನೊಂದನ್ನು ಮುಚ್ಚಳದ ಒಳಮೈಯನ್ನು ಗೀರಿಯೂ ಇಟ್ಟರೆ ಸದ್ದೇ ಇಲ್ಲ. ಸ್ಕ್ರೂಗಳೂ ಕಪ್ಪು ಲೇಪದವು. ಮುಚ್ಚಳ ಯಾವುದಕ್ಕೂ ಸೇರದೆ ಇನ್‌ಪುಟ್ ವೈರುಗಳ ಮೇಲೆ ಆಂಟೆನಾದಂತೆ ಮಲಗಿತ್ತು. ನಾಲ್ಕು ಮೂಲೆಯ ಸ್ಕ್ರೂ ತೂತುಗಳ ಸುತ್ತ, ಒಳಮೈಯಲ್ಲಿ ಮಾತ್ರ, ರೂಪಾಯಿ ನಾಣ್ಯಕ್ಕಿಂತ ಚಿಕ್ಕ ವೃತ್ತಗಳನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಇಟ್ಟು, ಮತ್ತೆ ಆಕ್ಸೈಡ್ ಕಟ್ಟದಿರಲೆಂದು ತೆಳ್ಳಗೆ ವ್ಯಾಸಲೀನ್ ಸವರಿ ಬಿಗಿದೆವು. ಟೊರಾಯ್ಡನ್ನು ತಿರುಗಿಸಿದಾಗ ಸುಮಾರು 40 ಡಿಗ್ರಿಯಲ್ಲಿ ಒಳ್ಳೆಯ ಜಾಗ ಸಿಕ್ಕಿತು.

ಅಳೆಯುವಾಗ ಇನ್‌ಪುಟ್ ಸಾಕೆಟ್‌ಗಳಿಗೆ ಶಾರ್ಟ್ ಮಾಡಿದ ಪ್ಲಗ್ ಹಾಕಿಕೊಳ್ಳಬೇಕು. ಆಗ ಕೇಳುವ ಹಮ್ ಪೆಟ್ಟಿಗೆಯದು, ಟರ್ನ್‌ಟೇಬಲ್ ಜೋಡಿಸಿದ ಮೇಲಷ್ಟೇ ಕೇಳಿದರೆ ಅದು ಟೋನ್‌ಆರ್ಮಿನ ವೈರಿಂಗಿನದು. ಕೆಲಸಕ್ಕೆ ಮೊದಲು ಔಟ್‌ಪುಟ್‌ನಲ್ಲಿ 6 ಮಿಲಿವೋಲ್ಟ್ ಇದ್ದ ಹಮ್ ಈಗ 0.3ಕ್ಕೆ ಇಳಿದಿತ್ತು. ಅವರು ಕಳಚಿದ್ದ ಹಳೆಯ ಎರಡು ಐಸಿಗಳು ಚಿಕ್ಕ ಡಬ್ಬಿಯಲ್ಲಿದ್ದವು, ಡೂಪ್ಲಿಕೇಟ್ ಎಂದು ಅನುಮಾನಿಸಿದ್ದೂ ಸೇರಿ. ಸಾಕೆಟ್ ಇದ್ದುದರಿಂದ ಎರಡನ್ನೂ ಒಂದೊಂದಾಗಿ ಹಾಕಿ ನೋಡಿದೆವು. ಎರಡು ಸಲವೂ ಮೀಟರ್ 0.3 ಮಿಲಿವೋಲ್ಟ್ ಅನ್ನೇ ತೋರಿಸಿತು.