ಉಕ್ಕು ಪೆಡಸಾಗುವ ತಾಪ

ಮಂಗಳೂರಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಮಾತು ಬಂದರೆ ಸಾಕು, ಓದಿಕೊಂಡವರೂ ‘ರಿಯಾಕ್ಟರ್ ಬಾಂಬಿನಂತೆ ಸಿಡಿದರೆ?’ ಎಂದು ಕೇಳುತ್ತಾರೆ. ವಿದ್ಯುತ್ ಸ್ಥಾವರದ ಇಂಧನಕ್ಕೆ ಬಾಂಬಾಗುವ ಸಾಮರ್ಥ್ಯವೇ ಇಲ್ಲ. ಕಾಳಜಿ ವಹಿಸಬೇಕಾದದ್ದು ಒಳಗೆ ಕಾದ ನೀರಿನ ಒತ್ತಡವನ್ನು ಹಿಡಿದಿಟ್ಟ ಲೋಹದ ಬಗ್ಗೆ. ಕೈಗಾದ ಪ್ರತಿ ರಿಯಾಕ್ಟರಿನಲ್ಲಿ ಆ ಒತ್ತಡವನ್ನು 306 ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳು ಹಂಚಿಕೊಂಡಿವೆ. ಕೂಡಂಕುಳಂನಲ್ಲಾದರೋ ಸುಮಾರು 20 ಸೆಂಟಿಮೀಟರ್ ದಪ್ಪದ ಒಂದೇ ಉಕ್ಕಿನ ಪಾತ್ರೆ ವಾತಾವರಣದ 150ಕ್ಕೂ ಹೆಚ್ಚು ಪಟ್ಟು ಒತ್ತಡವನ್ನು ತಾಳಬೇಕು.

ಇಂಥ ಪಾತ್ರೆಗೆ ದಪ್ಪವೊಂದೇ ರಕ್ಷಣೆಯಲ್ಲ. ಇಂಧನದ ಪರಮಾಣುಗಳು ಒಡೆದಾಗ ಸಿಡಿದುಬಂದು ವರ್ಷಗಟ್ಟಲೆ ಬಡಿಯುವ ನ್ಯೂಟ್ರಾನ್ ಕಣಗಳು ಉಕ್ಕಿನ ಪರಮಾಣುಗಳನ್ನು ಸ್ಥಾನದಿಂದ ಕದಲಿಸುತ್ತವೆ. ಬೆಸುಗೆಯಲ್ಲಿ ಅಲ್ಪಸ್ವಲ್ಪ ಉಳಿದ ತಾಮ್ರ ಅತಿಸೂಕ್ಷ್ಮ ಗುಂಪುಗಳಾಗಿ ಸೇರಿ, ಸ್ಫಟಿಕದ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತದೆ. ಪದರಗಳು ಜಾರದಿದ್ದರೆ ಉಕ್ಕು ಸುಲಭವಾಗಿ ಬಾಗದು. ಬೆಳಿಗ್ಗೆ ಚಾಪೆಗೆ ಹಾಕಿದ ಹಲಸಿನ ಹಪ್ಪಳ ಬಾಗುತ್ತದೆ, ಒಣಗಿದ ಮೇಲೆ ಅದೇ ಹಪ್ಪಳ ಪಟ್ಟನೆ ಮುರಿಯುತ್ತದೆ. ಉಕ್ಕಿನಲ್ಲಿ ಈ ವ್ಯತ್ಯಾಸವನ್ನು ಉಂಟುಮಾಡುವುದು ತಾಪಮಾನ: ಒಂದು ಮಟ್ಟಕ್ಕಿಂತ ತಣ್ಣಗಾದರೆ ಅದು ಪೆಡಸಾಗುತ್ತದೆ, ನ್ಯೂಟ್ರಾನ್ ಹೊಡೆತ ಆ ಮಟ್ಟವನ್ನು ಮೇಲಕ್ಕೆ ತಳ್ಳುತ್ತದೆ. 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ, ಸ್ತಬ್ಧ ನೀರಿನಲ್ಲಿ ನಿಂತಿದ್ದ ‘ಸ್ಕೆನೆಕ್ಟಡಿ’ ಎಂಬ ಹೊಸ ತೈಲನೌಕೆ ಚಳಿಗೆ ಪೆಡಸಾಗಿ ನಡುವೆಯೇ ಬಿರಿದದ್ದು ಇಂಥ ಬಿರುಕಿನಿಂದ. ಅಲ್ಲಿ ವಿಕಿರಣದ ಸುಳಿವೂ ಇರಲಿಲ್ಲ.

ಆದ್ದರಿಂದಲೇ ಪಾತ್ರೆಯ ಉಕ್ಕಿನ ತುಣುಕುಗಳನ್ನು ಪಾತ್ರೆಯೊಳಗೇ ಇಟ್ಟು, ಕೆಲವು ವರ್ಷಗಳಿಗೊಮ್ಮೆ ತೆಗೆದು ಮುರಿದು ನೋಡುತ್ತಾರೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿರುವ ಚಾರ್ಪಿ ಯಂತ್ರವೇ ಇದಕ್ಕೂ ಸಾಧನ: 10 ಮಿಲಿಮೀಟರ್ ಚೌಕದ, 55 ಮಿಲಿಮೀಟರ್ ಉದ್ದದ, ನಡುವೆ ಕಚ್ಚು ಹಾಕಿದ ತುಂಡಿನ ಮೇಲೆ ಲೋಲಕದ ಸುತ್ತಿಗೆ ಬೀಳುತ್ತದೆ. ಮುರಿದ ಮುಖ ನಾರುನಾರಾಗಿ ಮಂಕಾಗಿದ್ದರೆ ಉಕ್ಕು ಹಿಗ್ಗಿ ಹರಿದಿದೆ. ಸಕ್ಕರೆಯ ಹರಳಿನಂತೆ ಮಿನುಗಿದರೆ ಹಿಗ್ಗದೆಯೇ ಸೀಳಿದೆ.

ನಿಜವಾದ ಭಯ ತುರ್ತುಸ್ಥಿತಿಯದು. ಒತ್ತಡ ಇನ್ನೂ ಇಳಿಯದಿರುವಾಗ ತಣ್ಣೀರು ಒಳನುಗ್ಗಿದರೆ ಒಳಗೋಡೆ ಕುಗ್ಗಿ ಎಳೆತಕ್ಕೆ ಸಿಲುಕುತ್ತದೆ. ಅಲ್ಲಿ ಹಳೆಯ ಬಿರುಕೊಂದಿದ್ದು ಉಕ್ಕೂ ಪೆಡಸಾಗಿದ್ದರೆ ಆ ಬಿರುಕು ಗೋಡೆಯುದ್ದಕ್ಕೂ ಓಡಬಹುದು. ಅದಕ್ಕೆಂದೇ ಶ್ರವಣಾತೀತ ಶಬ್ದದಿಂದ ಬೆಸುಗೆಗಳನ್ನು ಶೋಧಿಸುತ್ತಾರೆ, ಕೆಲವೆಡೆ ತುರ್ತುನೀರನ್ನು ಮೊದಲೇ ಬೆಚ್ಚಗಿಡುತ್ತಾರೆ. ರಷ್ಯನ್ನರು 1987ರಲ್ಲಿ ನೊವೊವೊರೊನೆಜ್ ಸ್ಥಾವರದ ಪಾತ್ರೆಯೊಂದನ್ನು ಕಾಯಿಸಿ ಹದಗೊಳಿಸಿ, ಕಳೆದುಕೊಂಡ ಬಾಗುವ ಗುಣವನ್ನು ಬಹುಪಾಲು ಮರಳಿ ಪಡೆದರು. ಆದರೆ ಮತ್ತೆ ಚಾಲೂ ಆದ ದಿನದಿಂದಲೇ ನ್ಯೂಟ್ರಾನ್‌ಗಳ ಬಡಿತ ಮತ್ತೆ ಆರಂಭವಾಗುವುದರಿಂದ, ಹದಗೊಳಿಸಿದ ಪಾತ್ರೆಯ ಮೇಲೂ ನಿಗಾ ನಿಲ್ಲುವುದಿಲ್ಲ.