ಗಿರಣಿಯವನ ಮೂಗಿನ ಮೇಲಿನ ನರಹುಲಿ

ಇಂಗ್ಲಿಷ್ ಕವಿ ಜೆಫ್ರಿ ಚಾಸರ್ 1387ರ ಸುಮಾರಿಗೆ ಆರಂಭಿಸಿದ ‘ಕ್ಯಾಂಟರ್‌ಬರಿ ಕಥೆಗಳು’ ಕಾವ್ಯದ ಪೀಠಿಕೆಯಲ್ಲಿ, ಯಾತ್ರಿಕರ ನಡುವೆ ಹಿಟ್ಟಿನ ಗಿರಣಿಯವನೊಬ್ಬನಿದ್ದಾನೆ. ಅವನು ಕಾಳು ಕದಿಯುತ್ತಾನೆ, ಬೀಸಿದ್ದಕ್ಕೆ ಸಲ್ಲಬೇಕಾದ ಪಾಲನ್ನು ಮೂರು ಪಟ್ಟು ಮುರಿದುಕೊಳ್ಳುತ್ತಾನೆ ಎಂಬ ಮಾತು ಬರುವುದು ವರ್ಣನೆ ಮುಗಿಯುತ್ತಿರುವಾಗ. ಅಷ್ಟರೊಳಗೆ ಓದುಗನು ಅವನ ಮೈಕಟ್ಟು ನೋಡಿಯೇ ತೀರ್ಪು ಕೊಟ್ಟಾಗಿರುತ್ತದೆ: ಕುಸ್ತಿಯಲ್ಲಿ ಟಗರನ್ನು ಬಹುಮಾನವಾಗಿ ಗೆಲ್ಲುವ ದಪ್ಪ ಮೂಳೆಯ ಆಳು, ಓಡಿಬಂದು ತಲೆಯಿಂದ ಗುದ್ದಿ ಬಾಗಿಲು ಮುರಿಯಬಲ್ಲವನು, ಸನಿಕೆಯಷ್ಟು ಅಗಲದ, ಹಂದಿಯಂತೆಯೋ ನರಿಯಂತೆಯೋ ಕೆಂಪಾದ ಗಡ್ಡ, ಮೂಗಿನ ತುದಿಯಲ್ಲಿ ನರಹುಲಿ, ಅದರ ಮೇಲೆ ಹೆಣ್ಣುಹಂದಿಯ ಕಿವಿಯ ಬಿರುಗೂದಲನ್ನು ಹೋಲುವ ಕುಚ್ಚು, ಅಗಲವಾದ ಕಪ್ಪು ಹೊಳ್ಳೆ, ಕುಲುಮೆಯಂಥ ಬಾಯಿ.

ಇವು ಬರೀ ನಗಿಸಲು ಹೊಸೆದ ವಿವರಗಳಲ್ಲ. ನಮ್ಮ ಸಾಮುದ್ರಿಕ ಶಾಸ್ತ್ರದಂತೆ ಅಂಗಲಕ್ಷಣದಿಂದ ಗುಣವನ್ನು ಓದುವ ವಿದ್ಯೆಯೊಂದು ಅಂದಿನ ಯುರೋಪಿನಲ್ಲಿತ್ತು. ಅರಿಸ್ಟಾಟಲನ ಹೆಸರಿಗೆ ಅಂಟಿಕೊಂಡು ಅರಬ್ಬಿಯಿಂದ ಲ್ಯಾಟಿನಿಗೆ ಬಂದ ‘ಸೀಕ್ರೆಟಮ್ ಸೀಕ್ರೆಟೋರಮ್’ ಅದರ ಜನಪ್ರಿಯ ಕೈಪಿಡಿ. ಅಗಲ ಹೊಳ್ಳೆ ಸಿಡುಕಿನ ಗುರುತು. ಕೆಂಗೂದಲು ಮೋಸದ ಗುರುತು. ಅಮೆರಿಕದ ವಿದ್ವಾಂಸ ವಾಲ್ಟರ್ ಕ್ಲೈಡ್ ಕರಿ 1926ರಲ್ಲಿ ಚಾಸರ್‌ನ ಪಾತ್ರಗಳನ್ನು ಇಂಥ ಗ್ರಂಥಗಳ ಪಕ್ಕದಲ್ಲಿಟ್ಟು ಓದಿದ ಮೇಲೆ ನರಹುಲಿಗೂ ಅರ್ಥ ಬಂದಿತು.

ಆದರೆ ಶಾಸ್ತ್ರವೊಂದೇ ಇದನ್ನು ವಿವರಿಸಲಾರದು. ಒಡೆಯನ ಗಿರಣಿಯಲ್ಲೇ ಬೀಸಿಸಬೇಕೆಂಬ ಕಟ್ಟಳೆ ಇಂಗ್ಲೆಂಡಿನ ಅನೇಕ ಹಳ್ಳಿಗಳಲ್ಲಿತ್ತು. ಸೇಂಟ್ ಆಲ್ಬನ್ಸ್ ಮಠದ ಮುಖ್ಯಸ್ಥನೊಬ್ಬನು ಜನರ ಬೀಸುಕಲ್ಲುಗಳನ್ನು ಕಸಿದು ಮಠದ ನೆಲಕ್ಕೆ ಹಾಸಿಸಿದ್ದನು. 1381ರ ರೈತ ದಂಗೆಯಲ್ಲಿ ಜನ ನುಗ್ಗಿ ಅವನ್ನು ಕಿತ್ತು, ಚೂರು ಮಾಡಿ ಹಂಚಿಕೊಂಡರು. ಆಗ ಚಾಸರ್ ಲಂಡನ್ನಿನ ಆಲ್ಡ್‌ಗೇಟ್ ಕೋಟೆಬಾಗಿಲಿನ ಮೇಲಿನ ಮನೆಯನ್ನು ಗುತ್ತಿಗೆಗೆ ಹಿಡಿದಿದ್ದನು. ಜನರ ಸಿಟ್ಟಿಗೆ ಕಣ್ಣೆದುರು ಸಿಗುತ್ತಿದ್ದವನು ಒಡೆಯನಲ್ಲ, ಗಿರಣಿಯವನು. ಕಟ್ಟಳೆಯ ದೋಷವೂ ಅವನ ಮೋರೆಗೇ ಅಂಟಿತೆಂದು ನನಗನ್ನಿಸುತ್ತದೆ.

ಚಾಸರ್‌ಗೆ ಈ ಲಕ್ಷಣಶಾಸ್ತ್ರದಲ್ಲಿ ಪೂರ್ತಿ ನಂಬಿಕೆಯಿದ್ದಂತೆ ಕಾಣುವುದಿಲ್ಲ. ಅದೇ ಕಾವ್ಯದಲ್ಲಿ ಮುಂದೆ ಬರುವ ಇನ್ನೊಬ್ಬ ಗಿರಣಿಯವನು, ಟ್ರಂಪಿಂಗ್ಟನ್ನಿನ ಸಿಮ್ಕಿನ್, ಚಪ್ಪಟೆ ಮೂಗಿನ ಕಳ್ಳ. ಅವನ ಮಗಳಿಗೂ ಅದೇ ಚಪ್ಪಟೆ ಮೂಗು. ಕದ್ದ ಹಿಟ್ಟಿನಿಂದ ಮಾಡಿದ ರೊಟ್ಟಿ ಗಿರಣಿಯ ಬಾಗಿಲ ಹಿಂದಿದೆಯೆಂದು, ಹಿಟ್ಟು ಕಳೆದುಕೊಂಡ ವಿದ್ಯಾರ್ಥಿಗೆ ತಿಳಿಸುವವಳು ಅವಳೇ.