ತಿಥಿಯೊಳಗ ಗಡ್ಡಪ್ಪ ಆ್ಯಕ್ಟಿಂಗ್ ಮಾಡ್ಯಾನೋ, ಇದ್ದಂಗ ಇದ್ದಾನೋ?

ಮತ್ತ ಅದ ಪ್ರಶ್ನೆ ಬಂತು ನೋಡ್ರಿ. ‘ಸರ್, ತಿಥಿ ಪಿಚ್ಚರ್‌ದಾಗ ಇರೋರೆಲ್ಲ ಖರೇ ಹಳ್ಳಿ ಮಂದಿ ಅಂತಲ್ರಿ, ಹಂಗಾರ ಅವರು ಆ್ಯಕ್ಟಿಂಗ್ ಮಾಡ್ಯಾರೋ, ಇಲ್ಲಾ ಅವರ ಪಾಡಿಗೆ ಅವರು ಇದ್ದಾಗ ಕ್ಯಾಮೆರಾ ಇಟ್ಟು ತಕ್ಕೊಂಡಾರೋ?’ ಹುಬ್ಬಳ್ಳಿಯೊಳಗ ಚಾ ಅಂಗಡ್ಯಾಗೂ ಇದ, ಧಾರವಾಡದಾಗ ನಾಟಕ ಮುಗದ ಮ್ಯಾಲೂ ಇದ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗೈತಿ, ಈ ಸಲ ಬರದ ಇಡ್ತೀನಿ, ಮುಂದ ಯಾರರ ಕೇಳಿದ್ರ ಇದನ್ನ ಕಳಿಸಿಬಿಡ್ರಿ.

ಹಳ್ಳಿ ಮಂದಿ ಅನ್ನೋದು ಖರೇ. ಮಂಡ್ಯ ಜಿಲ್ಲಾದ ನೊದೆಕೊಪ್ಪಲು ಮತ್ತ ಅದರ ಸುತ್ತಮುತ್ತಲಿನವರು. ಸೆಂಚುರಿ ಗೌಡ ಆಗಿದ್ದವರು ಸಿಂಗ್ರಿಗೌಡ್ರು, ಗಡ್ಡಪ್ಪ ಅಂದ್ರ ಚನ್ನೇಗೌಡ್ರು, ಗಡ್ಡಪ್ಪನ ಮಗ ತಮ್ಮಣ್ಣ ಅಂದ್ರ ತಮ್ಮೇಗೌಡ್ರು, ತಮ್ಮಣ್ಣನ ಮಗ ಅಭಿ ಪಾತ್ರ ಅಭಿಷೇಕ್ ಅನ್ನೋ ಹುಡುಗಂದು, ಕುರಿ ಕಾಯೋ ಹುಡುಗಿ ಕಾವೇರಿ ಅಂದ್ರ ಪೂಜಾ. ಯಾರೂ ಸಿನಿಮಾದವರಲ್ಲ. ನಿರ್ದೇಶನ ರಾಮ್ ರೆಡ್ಡಿ ಅವರದು, ಕಥಿ ಬರಿಯಾಕ ಜೋಡಿ ಇದ್ದವರು ಅದ ಊರಿನ ಈರೇಗೌಡ್ರು. 2015ರಾಗ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಫಿಲ್ಮ್ ಫೆಸ್ಟಿವಲ್‌ದಾಗ ಪ್ರಶಸ್ತಿ ಬಂತು, ಆ ವರ್ಷದ ಕನ್ನಡದ ರಾಷ್ಟ್ರ ಪ್ರಶಸ್ತಿನೂ ಬಂತು, ನಮ್ಮ ಥೇಟರಿಗೆ ಬಂದಿದ್ದು 2016ರ ಮೇ ತಿಂಗಳದಾಗ. ಇಷ್ಟು ಎಲ್ಲಾರಿಗೂ ಗೊತ್ತಿರೋದ.

ಗೊತ್ತಿಲ್ದಿರೋದು ಮುಂದಿಂದು. ‘ಅವರು ಆ್ಯಕ್ಟಿಂಗ್ ಮಾಡಿಲ್ರಿ, ಇದ್ದಂಗ ಇದ್ದಾರ’ ಅಂತ ಹೊಗಳ್ತಾರಲ್ಲ, ಅದು ಹೊಗಳಿಕೆ ಅಲ್ರೀ, ಆ ಮಂದಿ ದುಡಿದಿದ್ದನ್ನ ಒಂದ ಮಾತಿನಾಗ ಕಸಗೊಂಡಂಗ. ಪಿಚ್ಚರ್ ಶುರು ಆಗಿ ಸ್ವಲ್ಪ ಹೊತ್ತಿಗೇ ಸೆಂಚುರಿ ಗೌಡ ದಾರಿಯೊಳಗ ಹೋಗಬರೋರಿಗೆಲ್ಲ ಬೈದು, ಎದ್ದು ಹೋಗಿ, ಬಿದ್ದು ಸಾಯ್ತಾನ, ನೂರಾ ಒಂದು ವರ್ಷದ ಮುದುಕ. ಸಿಂಗ್ರಿಗೌಡ್ರು ತೀರಿಕೊಂಡಿದ್ದು 2020ರಾಗ. ಇದ್ದಂಗ ಇದ್ದಾರ ಅಂತೀರಲ್ಲ, ಸತ್ತಿದ್ದೂ ಇದ್ದಂಗನ ಸತ್ರೇನು? ಸೆಂಚುರಿ ಗೌಡ, ಗಡ್ಡಪ್ಪ ಇಬ್ಬರೂ ಖರೇ ಜೀವನದಾಗ ಅಪ್ಪ-ಮಗನೂ ಅಲ್ಲ. ಆದ್ರ ಪಿಚ್ಚರ್ ನೋಡಿ ಹೊರಗ ಬಂದವರಿಗೆ ಆ ಅನುಮಾನನ ಬರಂಗಿಲ್ಲ.

ಇನ್ನ ಕಥಿ ನೋಡ್ರಿ. ತಮ್ಮಣ್ಣಗ ಅಜ್ಜನ ಹೊಲ ಮಾರಬೇಕಾಗೈತಿ, ಹೊಲ ಅಪ್ಪ ಗಡ್ಡಪ್ಪನ ಪಾಲಿಗೆ ಬರೋದು, ಗಡ್ಡಪ್ಪಗ ಹೊಲ ಬ್ಯಾಡ, ಮನಿ ಬ್ಯಾಡ, ಟೈಗರ್ ಬ್ರಾಂದಿ ಬಾಟ್ಲಿ ಮತ್ತ ನಡ್ಯಾಕ ಒಂದು ದಾರಿ ಇದ್ರ ಸಾಕು. ಅದಕ್ಕ ತಮ್ಮಣ್ಣ ಅಪ್ಪ ಸತ್ತಾನ ಅಂತ ಸುಳ್ಳು ಡೆತ್ ಸರ್ಟಿಫಿಕೇಟ್ ಮಾಡಸ್ತಾನ, ಬಡ್ಡಿಗೆ ಸಾಲ ತರ್ತಾನ, ಅಪ್ಪನ ಕೈಯಾಗ ರೊಕ್ಕ ಕೊಟ್ಟು ಊರೂರು ತಿರಗಾಡಿ ಬಾ ಅಂತ ಸಾಗಹಾಕ್ತಾನ, ಆ ಯಪ್ಪ ಹೋಗಿ ಕುರಿಗಾರರ ಜೋಡಿ ಸೇರ್ಕೊಂತಾನ, ಅತ್ಲಾಗ ಮಗ ಅಭಿ ಅದ ಕುರಿಗಾರರ ಹುಡುಗಿ ಹಿಂದ ಬಿದ್ದಾನ, ಎಲ್ಲಾ ದಾರಿ ಬಂದು ಹನ್ನೊಂದನೇ ದಿನದ ತಿಥಿಗೆ ಕೂಡ್ತಾವು. ಇಂಥಾ ಲೆಕ್ಕಾಚಾರದ ಕಥಿ ಮಂದಿ ತಮ್ಮ ಪಾಡಿಗೆ ತಾವು ಇದ್ರ ತಾನಾಗಿ ಆಗತೈತೇನು? ಯಾರ ಬಾಯಾಗ ಯಾವ ಮಾತು ಯಾವಾಗ ಬರಬೇಕು ಅನ್ನೋದು ಒಂದು ತಪ್ಪಿದ್ರ ಮುಂದಿನ ಸೀನ್ ನಿಲ್ಲಂಗಿಲ್ಲ.

ಮತ್ತ ಕ್ಯಾಮೆರಾ. ಮದುವಿ ಊಟದ ಪಂಕ್ತಿಗೆ ವಿಡಿಯೋದವ ಲೈಟ್ ಹಾಕ್ಕೊಂಡು ಬಂದ್ರ ನಾವು ತುತ್ತು ಕೈಯಾಗ ಹಿಡಕೊಂಡು ಹೋಳಿಗಿ ಮರೀತೀವಿ, ಹೌದಿಲ್ಲೋ? ಇಲ್ಲಿ ಕ್ಯಾಮೆರಾ ಐತಿ, ಮಾತು ಜಾಗಾದಾಗ ರೆಕಾರ್ಡ್ ಆಗ್ಬೇಕು ಅಂತ ಮೈಕ್ ಐತಿ, ಯಾಕಂದ್ರ ಇದು ಸಿಂಕ್ ಸೌಂಡ್, ಆಮ್ಯಾಲೆ ಸ್ಟುಡಿಯೋದಾಗ ಡಬ್ಬಿಂಗ್ ಮಾಡಿ ತಪ್ಪು ಮುಚ್ಚೂದಿಲ್ಲ. ದೂರದಿಂದೊಮ್ಮೆ, ಹತ್ರದಿಂದೊಮ್ಮೆ ತಗದಾಗ ಎರಡೂ ಸಲ ಸಿಟ್ಟು ಅಷ್ಟ ಇರಬೇಕು, ಇಲ್ಲಾಂದ್ರ ಎಡಿಟಿಂಗ್‌ದಾಗ ಜೋಡಿಸಾಕ ಆಗಂಗಿಲ್ಲ. ಹಂಗ ಇದ್ದೂ ಏನೂ ಇಲ್ಲದವರಂಗ ಇರೋದಕ್ಕ ಏನಂತೀರಿ? ನಾ ಅಂತೂ ನಟನೆ ಅಂತೀನಿ. ರಾತ್ರಿ ಬೆಂಕಿ ಮುಂದ ಕೂತು ಗಡ್ಡಪ್ಪ ಕುರಿಗಾರರಿಗೆ ತನ್ನ ಹಿಂದಿನ ಕಥಿ ಹೇಳ್ತಾನಲ್ಲ, ಆ ಮುಖ ಇನ್ನೊಮ್ಮೆ ನೋಡ್ರಿ. ಅಳೂದಿಲ್ಲ, ದನಿ ಏರಸೂದಿಲ್ಲ. ಅದು ಚನ್ನೇಗೌಡ್ರ ಬಾಳಲ್ಲ, ಬರದ ಕಥಿ.

ಹಂಗಾರ ಅಷ್ಟು ಸಹಜ ಹೆಂಗ ಬಂತು ಅಂದ್ರ, ಪಾತ್ರ ಬರದಿಟ್ಟು ಮಂದಿ ಹುಡುಕಲಿಲ್ಲ, ಮಂದಿ ನೋಡಿ ಪಾತ್ರ ಬರದ್ರು. ಅವರ ಗಡ್ಡ, ಅವರ ನಡಿಗಿ, ಅವರ ಬೈಗಳದ ಲಯ ಎಲ್ಲಾ ಸ್ಕ್ರಿಪ್ಟಿನೊಳಗ ಹೋತು. ಅಂಗಿ ಅವರ ಅಳತಿಗೆ ಹೊಲದಿದ್ದು, ಆದ್ರ ಹಾಕ್ಕೊಂಡು ನಡದವರು ಅವರ. ಇದಕ್ಕ ಸಾಕ್ಷಿ ಬೇಕಂದ್ರ, ತಿಥಿ ಗೆದ್ದ ಮ್ಯಾಲೆ ಅದ ಅಜ್ಜಂದಿರನ್ನ ಕರಕೊಂಡು ಹೋಗಿ ಬ್ಯಾರೆ ಪಿಚ್ಚರ್‌ದಾಗ ಹಾಕಿದ್ರಲ್ಲ, ಡಬಲ್ ಮೀನಿಂಗ್ ಡೈಲಾಗ್ ಕೊಟ್ಟು, ಅವು ಯಾಕ ಮನಸ್ಸಿಗೆ ಹತ್ತಲಿಲ್ಲ? ಮಂದಿ ಅವರ, ಗಡ್ಡನೂ ಅದ. ಸುಮ್ನ ಇದ್ರ ಸಾಕಾಗಿದ್ರ ಅಲ್ಲೂ ಸಾಕಾಗಬೇಕಿತ್ತು.

ಒಂದು ಮಾತು ಯಾರೂ ಕೇಳಂಗಿಲ್ಲ, ನಾನ ಹೇಳ್ತೀನಿ. ಎಲ್ಲಾರೂ ಗಡ್ಡಪ್ಪ ಗಡ್ಡಪ್ಪ ಅಂತಾರ, ನನ್ನ ಕೇಳಿದ್ರ ಆ ಪಿಚ್ಚರ್ ಹೊತ್ತವರು ತಮ್ಮಣ್ಣ. ಗಡ್ಡಪ್ಪ ನಡಕೋಂತ ಹೋದ್ರ ಚಂದ ಕಾಣ್ತಾನ, ತಮ್ಮಣ್ಣ ಆಫೀಸು, ಸಾಲಗಾರರು, ಏಜೆಂಟು, ಅಡಗಿ ಅಂತ ಓಡ್ತನ ಇರಬೇಕು, ಸುಳ್ಳು ಹೇಳ್ತಿರೋದು ನಮಗ ಗೊತ್ತಾಗಬೇಕು, ಎದುರಿನವನಿಗೆ ಗೊತ್ತಾಗಬಾರದು.

ನಮ್ಮ ಕಡೆ ಮಂದಿಗೆ ಇದು ನಟನೆ ಅಂತ ಕಾಣದಿರಾಕ ಒಂದು ಕಾರಣ ಐತಿ ಅಂತ ನನಗನಸ್ತೈತಿ. ಗದಗ, ಹಾವೇರಿ ಕಡೆ ಜಾತ್ರಿ ಬಂತಂದ್ರ ನಾಟಕ ಇದ್ದದ್ದ, ದಿನಾ ಹೊಲದಾಗ ದುಡಿಯೋರ ರಾತ್ರಿ ಹಾರ್ಮೋನಿಯಂ ಮಾಸ್ತರ ಕಡೆ ತಾಲೀಮು ಮಾಡ್ತಾರ. ಹಾನಗಲ್ ತಾಲೂಕಿನ ಶೇಷಗಿರಿಯಂಥಾ ಸಣ್ಣ ಊರಾಗ ಗಜಾನನ ಯುವಕ ಮಂಡಳ ಅಂತ ಒಂದು ತಂಡ ಕಟ್ಟಿ ಹೆಸರು ಮಾಡ್ಯಾರ. ಹೊಲದಾಗಿನ ಮನಷ್ಯಾ ನಟ ಆಗೋದು ನಮಗ ಹೊಸದೇನಲ್ಲ. ಆದ್ರ ಜಾತ್ರಿ ಸ್ಟೇಜಿನ ಮ್ಯಾಲಿನ ನಟನೆ ಹಿಂದಿನ ಸಾಲಿನವಗ ಮುಟ್ಟಬೇಕು, ದನಿ ಏರಬೇಕು, ಕೈ ಏಳಬೇಕು. ಅದನ್ನ ನೋಡಿ ಬೆಳದ ಕಣ್ಣಿಗೆ ಗಡ್ಡಪ್ಪನ ಕಡೆ ಆ್ಯಕ್ಟಿಂಗ್ ಕಾಣಂಗಿಲ್ಲ, ಅಷ್ಟ.

ಇನ್ನ ‘ನಮ್ಮ ಉತ್ತರ ಕರ್ನಾಟಕದ ಭಾಷಾದಾಗ ಇಂಥಾ ಪಿಚ್ಚರ್ ಯಾಕ ಬರೂದಿಲ್ರಿ, ನಮ್ಮವರನ್ನ ಬರೇ ಕಾಮಿಡಿಗೆ ಹಾಕ್ತಾರ’ ಅಂತ ಗೊಣಗೋರಿಗೆ: ಬಂತ್ರೀ, ನೀವ ಹೋಗಲಿಲ್ಲ. ಶಿವಮ್ಮ, ಜೈಶಂಕರ್ ಆರ್ಯರ್ ಅವರದು. ಗದಗದ ಬಾಜೂ ಜಿಲ್ಲಾ ಕೊಪ್ಪಳದ ಯರೇಹಂಚಿನಾಳದ ಕಥಿ. 2022ರಾಗ ದಕ್ಷಿಣ ಕೊರಿಯಾದ ಬುಸಾನ್ ಫಿಲ್ಮ್ ಫೆಸ್ಟಿವಲ್‌ದಾಗ ನ್ಯೂ ಕರೆಂಟ್ಸ್ ಪ್ರಶಸ್ತಿ ತಗೊಂಡು 2024ರ ಜೂನ್‌ನಾಗ ಥೇಟರಿಗೆ ಬಂತು. ಲಕ್ವಾ ಹೊಡದು ಮಲಗಿರೋ ಗಂಡ, ಸಾಲಿಯೊಳಗ ಬಿಸಿಯೂಟದ ಅಡಗಿ ಮಾಡೋ ಹೆಂಗಸು, ನೆಟ್‌ವರ್ಕ್ ಮಾರ್ಕೆಟಿಂಗ್ ಪುಡಿ ನಂಬಿ ಇದ್ದ ರೊಕ್ಕ ಹಾಕಿ, ಊರಿನವರಿಗೆ ಮಾರಾಕ ಹೊರಡ್ತಾಳ. ಶರಣಮ್ಮ ಚೆಟ್ಟಿ ಅನ್ನೋರು ಮಾಡ್ಯಾರ, ಅವರೂ ಸಿನಿಮಾದವರಲ್ಲ. ಆ ಪುಡಿ ಹಿಡಕೊಂಡು ನಿಮ್ಮ ಮನಿ ಬಾಗಲಿಗೂ ಯಾರರ ಬಂದಿರ್ತಾರ, ಅದಕ್ಕ ಅಕಿ ಸುಳ್ಳು ಹೇಳ್ತಾಳೋ, ಖರೇನ ನಂಬ್ಯಾಳೋ ಅನ್ನೋದನ್ನ ಕಣ್ಣಾಗ ಹುಡುಕ್ರಿ. ನಾ ಎರಡು ಸಲ ನೋಡಿದ್ರೂ ನನಗ ಪೂರಾ ಬಿಟ್ಟುಕೊಟ್ಟಿಲ್ಲ ಅಕಿ.